ಬೆಂಗ್ರೆ, ಮಣ್ಣಗುಡ್ಡ ಮತ್ತು ಒಂದು ಹಸಿರು ಗೆರೆ

ಮನುಷ್ಯರಿಗೆ ಇನ್ನೊಬ್ಬರ ಹಿತ್ತಿಲನ್ನು ಹತ್ತಿರದಿಂದ ನೋಡುವ ಆಸೆ ಇರುವವರೆಗೆ ಇಂಥ ನಾಚಿಕೆಗೇಡಿನ ಪ್ರಸಂಗಗಳು ಆಗ್ತಾನೇ ಇರ್ತವೆ. ನನಗಂತೂ ಒಂದು ಕಾಲದಲ್ಲಿ ಸಾಲಾಗಿ ಆದವು. ಈಗ ನೆನೆಸಿದರೂ ಸೆರಗು ಮುಖಕ್ಕೆ ಬರ್ತದೆ, ಸೆರಗಿನ ಒಳಗೆ ನಗುವೂ ಬರ್ತದೆ.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಮಾತಾಡಿದ ಹಾಗೆ ಬರೆಯುವುದು ಮಾತ್ರ ಗೊತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಂಗಳೂರಿನ ಕದ್ರಿಯಲ್ಲಿ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಗುಡಿಸಿ, ಒರೆಸಿ, ಚಾ ಮಾಡಿಕೊಡುವ ಕೆಲಸ ನನ್ನದು. ಅವರು ಗುತ್ತಿನ ಮನೆಯವರು, ಹಿಂದೆ ಊರಿಗೇ ಒಡೆಯರು. ಗೇಣಿಯವರಿಗೆ ಗದ್ದೆ ಹೋದ ಮೇಲೆ ಅಣ್ಣಂದಿರು ಹೋಟೆಲು ಇಟ್ಟರು, ಇವರು ನಕ್ಷೆ ಬಿಡಿಸುವ ಆಫೀಸು ಇಟ್ಟರು. ನಮಗೆ ಅವರು ಧಣಿಗಳು. ಮತ್ತೆ ಅಲ್ಲಿ ಇದ್ದದ್ದು ಕಂಪ್ಯೂಟರಿನ ಹುಡುಗಿ. ನಮ್ಮ ಮಣ್ಣಗುಡ್ಡದವಳೇ. ಬಾಯಿ ಇಲ್ಲದವಳು ಅಂತ ನಾನು ತಿಳಿದಿದ್ದೆ.

ಮನೆಯಲ್ಲಿ ನಾನು ಮತ್ತು ತಂಗಿಯ ಮಗಳು. ತಂಗಿ ತೀರಿಹೋದ ಮೇಲೆ ಹುಡುಗಿಯನ್ನು ಸಾಕಿದ್ದು ನಾನೇ. ಅವಳಿಗೊಂದು ಮದುವೆ ಆಗಬೇಕು ಅನ್ನುವುದೊಂದೇ ನನಗಿದ್ದ ತಲೆಬಿಸಿ. ಬಂದ ಒಂದು ಸಂಬಂಧ ನನ್ನ ಬಾಯಿಯಿಂದ ತಪ್ಪಿಹೋಗಿತ್ತು. "ಆ ಹೆಂಗಸಿನ ಬಾಯಿ ಇರುವ ಮನೆಯಿಂದ ಹೆಣ್ಣು ತರುವುದು ಹೇಗೆ ಮಾರಾಯ್ರೆ" ಅಂತ ಹುಡುಗನ ಕಡೆಯ ಒಬ್ಬಳು ಹೇಳಿದಳಂತೆ. ಹೇಳಿದವಳ ಗಂಡನ ವಿಷಯ ನನಗೆ ಗೊತ್ತುಂಟು, ಆದರೆ ಈಗ ಅದು ಬೇಡ.

ಕುಂಕುಮ

ಕಂಪ್ಯೂಟರು ಬಂದ ದಿನ ಆಫೀಸಿಗೆ ಆಫೀಸೇ ಚಪ್ಪಲಿ ಹೊರಗಿಟ್ಟಿತು. ಅದಕ್ಕೊಂದು ಗಾಜಿನ ಕೋಣೆ, ತಂಪು ಗಾಳಿಯ ಮೆಷಿನ್. ಧಣಿಗಳ ಭಾವ ದುಬಾಯಿಯಿಂದ ಒಂದು ಫ್ಲಾಪಿ ತಂದಿದ್ದರು. ಚೌಕದ ತೆಳು ತಗಡಿನ ಹಾಗೆ ಉಂಟು, ಅದರೊಳಗೆ ಇಡೀ ಭೂಮಿಯ ನಕ್ಷೆಯಂತೆ. ಬೇಕಾದ ಜಾಗದ ಎರಡು ಮೂಲೆಯ ಅಂಕೆ ಒತ್ತಿದರೆ ಅಷ್ಟನ್ನೇ ಹತ್ತಿರ ತಂದು, ದೊಡ್ಡದು ಮಾಡಿ, ಕಪ್ಪು ಗಾಜಿನ ಮೇಲೆ ಹಸಿರು ಗೆರೆಯಲ್ಲಿ ಬಿಡಿಸ್ತದೆ.

"ಇನ್ನು ಬಿಸಿಲಿನಲ್ಲಿ ಸರಪಳಿ ಹಿಡಿದು ಯಾರೂ ಅಳೆಯುವುದು ಬೇಡ. ಕೂತಲ್ಲಿಯೇ ಊರು ಕಾಣ್ತದೆ" ಅಂದರು ಧಣಿಗಳು.

ಆಯುಧಪೂಜೆಗೆ ನಾನು ಎಲ್ಲಾ ಮೇಜಿಗೆ ಕುಂಕುಮ ಇಟ್ಟೆ, ಕಂಪ್ಯೂಟರಿನ ಹಣೆ ಯಾವುದು ಅಂತ ಗೊತ್ತಾಗದೆ ಗಾಜಿನ ನಡುವಿಗೆ ಇಟ್ಟೆ. ಎಣ್ಣೆಯಲ್ಲಿ ಕಲಸಿದ್ದು, ಬೇಗ ಹೋಗುವುದಿಲ್ಲ. ಮಾರನೆ ದಿನ ಒರೆಸುವ ಮೊದಲೇ ಹೋಟೆಲು ಕಟ್ಟುವವರೊಬ್ಬರು ಬಂದರು. ಧಣಿಗಳು ಅವರಿಗೆ ಇಡೀ ಜಗತ್ತು ಬಿಡಿಸಿ ತೋರಿಸಿದರು. ಬಂದವರು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಎಲ್ಲಾ ಹಸಿರು. ಸಮುದ್ರದ ನಡುವೆ ಈ ಕೆಂಪಿನದ್ದು ಎಂತ?"

ಧಣಿಗಳು ನನ್ನ ಕಡೆ ನೋಡಿದರು. ನಾನು ಚಾದ ಲೋಟದ ಕಡೆ ನೋಡಿದೆ. ಧಣಿಗಳು ಗಂಭೀರವಾಗಿ ಹೇಳಿದರು, "ಅದೊಂದು ದ್ವೀಪ. ಇತ್ತೀಚೆಗೆ ಎದ್ದದ್ದು."

ಬಂಗುಡೆ

ಆ ನಕ್ಷೆಯಲ್ಲಿ ಮೇಲಿನ ದೇಶಗಳೆಲ್ಲ ವಿಪರೀತ ಅಗಲ ಕಾಣ್ತವೆ. ಯಾಕೆ ಹಾಗೆ ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಧಣಿಗಳು ನನಗೆ ತಲೆಗೆ ಹೋಗುವ ಹಾಗೆ ಹೇಳಿದರು. ಭೂಮಿ ಉರುಟು, ಗಾಜು ಚಪ್ಪಟೆ. ಬಂಗುಡೆ ಮೀನಿನ ಬೆನ್ನು ಸೀಳಿ, ಎರಡೂ ಕಡೆ ಎಳೆದು ಉಪ್ಪು ಹಾಕಿ ಬಿಸಿಲಿಗೆ ಹರಡುವುದಿಲ್ಲವಾ, ಆಗ ತಲೆಯ ಹತ್ತಿರ ಇದ್ದದ್ದಕ್ಕಿಂತ ಅಗಲ ಆಗ್ತದಲ್ಲ, ಹಾಗೆ ಅಂದರು. ನಾವು ಮೀನಿನವರು, ನನಗೆ ಕೂಡಲೇ ಗೊತ್ತಾಯಿತು. ಧಣಿಗಳಿಗೆ ಆ ವಿವರಣೆಯ ಮೇಲೆ ಎಷ್ಟು ಪ್ರೀತಿ ಹುಟ್ಟಿತು ಅಂದರೆ ಯಾರು ಬಂದರೂ ಅದನ್ನೇ ಹೇಳಲು ಶುರು ಮಾಡಿದರು.

ಒಂದು ಮಧ್ಯಾಹ್ನ ದೇವಸ್ಥಾನದ ಮೊಕ್ತೇಸರರು ಬಂದರು. ದೇವಸ್ಥಾನದ ಜಾಗದ ನಕ್ಷೆ ಆಗಬೇಕಿತ್ತು. ಈರುಳ್ಳಿಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಜನ. ಅವರೂ ಅದನ್ನೇ ಕೇಳಿದರು, ಮೇಲೆ ಯಾಕೆ ಇಷ್ಟು ಅಗಲ ಅಂತ. ಧಣಿಗಳಿಗೆ ಉತ್ಸಾಹ ಬಂತು. ಎರಡೂ ಕೈಯಲ್ಲಿ ಗಾಳಿಯಲ್ಲಿಯೇ ಬಂಗುಡೆ ಹಿಡಿದರು, ಬೆನ್ನು ಸೀಳಿದರು, ಹೊಟ್ಟೆಯದ್ದು ತೆಗೆದರು, ಎಳೆದರು, ಮೇಜಿನ ಮೇಲೆ ಹರಡಿದರು. ಅದೇ ಹೊತ್ತಿಗೆ ನಾನು ಹಿಂದಿನ ಮೂಲೆಯಲ್ಲಿ ನನ್ನ ಬುತ್ತಿ ಬಿಚ್ಚಿದ್ದೆ. ಬಾಗಿಲು ಹಾಕಿದ ಕೋಣೆ, ತಂಪು ಗಾಳಿ ಅಲ್ಲಲ್ಲಿಯೇ ಸುತ್ತುವುದು. ವಿವರಣೆಗೆ ಸರಿಯಾಗಿ ವಾಸನೆಯೂ ಬಂತು.

ಮೊಕ್ತೇಸರರು ಶಾಲಿನಲ್ಲಿ ಮೂಗು ಮುಚ್ಚಿ ಎದ್ದರು.

"ದೇವರ ಜಾಗ ಉರುಟಾಗಿಯೇ ಇರಲಿ" ಅಂದರು. "ಸೀಳುವುದು ಬೇಡ."

ಅತ್ತೆಯವರು

ಧಣಿಗಳು ಇಷ್ಟು ಖರ್ಚು ಮಾಡಿ ಇದೆಂತ ತಂದು ಇಟ್ಟದ್ದು ಅಂತ ಅವರ ಹೆಂಡತಿಯ ತಾಯಿಗೆ ಸಂಶಯ. ಒಂದು ದಿನ ಕಾರಿನಲ್ಲಿ ಬಂದು, ಚಪ್ಪಲಿ ಬಿಡದೆ, ಕುರ್ಚಿಯಲ್ಲಿ ಕೂತರು.

"ಎಲ್ಲಿ, ನನ್ನ ಮನೆ ತೋರಿಸು ನೋಡುವ. ತಾರಸಿಯಲ್ಲಿ ಹಪ್ಪಳ ಒಣಗಲು ಹಾಕಿ ಬಂದಿದ್ದೇನೆ. ಕಾಗೆ ಬಂದಿದೆಯಾ ನೋಡಬೇಕು."

ಧಣಿಗಳು ಸನ್ನೆ ಮಾಡಿದರು, ಹುಡುಗಿ ಅಂಕೆ ಒತ್ತಿದಳು. ಒಂದೊಂದು ಸಲ ಬಿಡಿಸಲು ಅದಕ್ಕೆ ಒಂದು ಚಾ ಕುಡಿಯುವಷ್ಟು ಹೊತ್ತು ಬೇಕು. ಮೊದಲು ಇಡೀ ದೇಶ ಬಂತು. ಅತ್ತೆಯವರು, "ಇದು ಶಾಲೆಯ ಗೋಡೆಯಲ್ಲಿಯೂ ಉಂಟು" ಅಂದರು. ಇನ್ನೂ ಹತ್ತಿರ ತಂದರು, ಕರಾವಳಿಯ ಒಂದು ವಕ್ರ ಬಂತು. ಇನ್ನೂ ಹತ್ತಿರ ತಂದಾಗ ಗಾಜಿನ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಓರೆ ಗೆರೆ. ಬೇರೆ ಎಂತದ್ದೂ ಇಲ್ಲ.

"ಇದೆಂತ?"

"ಇದು ಮಂಗಳೂರು, ಅತ್ತೆ. ಗೆರೆಯ ಈಚೆ ನಾವು, ಆಚೆ ಸಮುದ್ರ."

"ಹಪ್ಪಳ ಎಲ್ಲಿ?"

"ಇನ್ನೂ ಹತ್ತಿರ ಹೋಗಬೇಕು."

ಫ್ಲಾಪಿಯಲ್ಲಿ ಅದಕ್ಕಿಂತ ಹೆಚ್ಚು ವಿವರ ಇಲ್ಲ ಅಂತ ಹುಡುಗಿಗೆ ಗೊತ್ತಿತ್ತು, ಧಣಿಗಳಿಗೂ ಗೊತ್ತಿತ್ತು. ಆದರೆ ಅತ್ತೆಯ ಎದುರು ಹೇಳುವುದು ಹೇಗೆ? ಹುಡುಗಿ ಪುನಃ ಒತ್ತಿದಳು. ನಾನು ಪುನಃ ಚಾ ಕೊಟ್ಟೆ. ಈ ಸಲ ಗೆರೆಯೂ ಹೋಯಿತು. ಗಾಜು ಪೂರಾ ಕಪ್ಪು.

"ಕರೆಂಟು ಹೋಯಿತಾ?"

ಧಣಿಗಳ ಮುಖ ಬೆವರಿತು. "ಇಲ್ಲ ಅತ್ತೆ. ಈಗ ನಾವು ನಿಮ್ಮ ಮನೆಯ ಒಳಗೆ ಬಂದಿದ್ದೇವೆ."

ಅತ್ತೆಯವರು ಗಾಜನ್ನೇ ನೋಡುತ್ತಾ ಹೇಳಿದರು, "ಹಾಗಾದರೆ ಲೈಟು ಹಾಕು."

ಬಚ್ಚಲಿಗೆ ಮಾಡು

ನಮ್ಮ ಓಣಿಯಲ್ಲಿ ಬಾವಿ ಇರುವುದು ನೆರೆಮನೆಯವರ ಹಿತ್ತಿಲಿನಲ್ಲಿ. ಸಂಜೆ ಎಲ್ಲಾ ಹೆಂಗಸರು ಅಲ್ಲಿ ಸೇರುವುದು. ನನಗೆ ಅಲ್ಲಿ ಒಂದು ಸ್ಥಾನ ಇತ್ತು, ಯಾಕಂದರೆ ಸುದ್ದಿ ಇಲ್ಲದೆ ನಾನು ಕೊಡ ಎತ್ತುವವಳಲ್ಲ.

"ನಿಮ್ಮ ಆಫೀಸಿನ ಮೆಷಿನ್ ಎಂತ ತೋರಿಸ್ತದೆ ಅಕ್ಕ?"

"ಬೇಕಾದ ಜಾಗ ಹತ್ತಿರ ತಂದು ತೋರಿಸ್ತದೆ."

"ಎಷ್ಟು ಹತ್ತಿರ?"

"ಮೊನ್ನೆ ಧಣಿಗಳ ಅತ್ತೆಯ ಮನೆಯ ಒಳಗಿನವರೆಗೆ ಹೋದೆವು" ಅಂದೆ. ಧಣಿಗಳು ಹೇಳಿದ ಮಾತನ್ನೇ ಹೇಳಿದ್ದು, ಒಂದು ಅಕ್ಷರ ನನ್ನದಲ್ಲ.

"ಮೇಲಿನಿಂದ ಕಾಣುವುದಾ?"

"ಮತ್ತೆ? ನಕ್ಷೆ ಅಂದರೆ ಮೇಲಿನಿಂದಲೇ ಅಲ್ವಾ."

ನಮ್ಮ ಓಣಿಯ ಬಚ್ಚಲುಗಳೆಂದರೆ ನಾಲ್ಕು ಕಡೆ ತೆಂಗಿನ ಮಡಲಿನ ತಟ್ಟಿ, ಮೇಲೆ ಬರೀ ಆಕಾಶ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಬಚ್ಚಲಿನ ಕಡೆ ನೋಡಿದರು, ಮತ್ತೆ ಆಕಾಶದ ಕಡೆ ನೋಡಿದರು. "ಅದರಲ್ಲಿ ಯಾರ್ಯಾರು ನೋಡ್ತಾರೆ?" ಅಂತ ಒಬ್ಬಳು ಸಣ್ಣ ಸ್ವರದಲ್ಲಿ ಕೇಳಿದಳು. ನಾನು ನಕ್ಕೆ ಅಷ್ಟೆ. ಆ ನಗು ಸಾಕಾಯಿತು.

ಆ ವಾರ ಓಣಿಯಲ್ಲಿ ಮಡಲು ಹೆಣೆಯುವ ಕೆಲಸವೇ ಕೆಲಸ. ಎಲ್ಲಾ ಬಚ್ಚಲಿಗೂ ಮಾಡು, ಅಂದರೆ ಸೂರು, ಬಂತು. ನಾನೊಬ್ಬಳೇ ಹಾಕದಿದ್ದರೆ ಸಂಶಯ ಬರ್ತದೆ ಅಂತ ನಾನೂ ಹಾಕಿದೆ. ಆದರೆ ಬಿಸಿನೀರಿನ ಹಂಡೆಯ ಬೆಂಕಿ ಒಳಗೇ ಅಲ್ವಾ? ಹೊಗೆ ಹೋಗಲು ಇದ್ದ ಆಕಾಶವನ್ನು ನಾವು ಮುಚ್ಚಿದ್ದೆವು. ಕೆಮ್ಮಿ, ಕಣ್ಣು ಉಜ್ಜಿ, ಮಸಿ ಹಿಡಿದು ಹೊರಗೆ ಬರುವುದು. ಒಂದು ಮಳೆಗಾಲದವರೆಗೆ ನಮ್ಮ ಓಣಿಯಲ್ಲಿ ಮಿಂದವರು ಮೀಯದವರಿಗಿಂತ ಕಪ್ಪಾಗಿದ್ದರು.

ಬೇಲಿ

ಬಾವಿಯ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಮುದುಕರಾದವರು. ಮಾತು ಬೆಣ್ಣೆ. ಅವರಿಗೂ ನನಗೂ ನಡುವೆ ಗೂಟದ ಬೇಲಿ. ಮಳೆ ಕಳೆದ ಮೇಲೆ ವರ್ಷ ವರ್ಷ ಬೇಲಿ ಹೊಸತು ಮಾಡಬೇಕಲ್ಲ, ಆಗ ಗೂಟಗಳು ನನ್ನ ಕಡೆ ಒಂದು ಗೇಣು ನಡೆದು ಬರ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿತ್ತಾ? ಆದರೆ ನೀರು ಅವರ ಬಾವಿಯದ್ದು. ಬೈದ ಅದೇ ಬಾಯಲ್ಲಿ ಹಗ್ಗ ಕೇಳಲು ಆಗ್ತದಾ? ಊರಿಗೆಲ್ಲ ಹೇಳಿದೆ, ಅವರಿಗೆ ಮಾತ್ರ ಹೇಳಲಿಲ್ಲ.

ಬಚ್ಚಲಿಗೆ ಮಾಡು ಹಾಕಿದ ಮರುವಾರ ಒಂದು ಬೆಳಿಗ್ಗೆ ಎದ್ದು ನೋಡ್ತೇನೆ, ಬೇಲಿ ಹಿಂದೆ ಹೋಗಿದೆ. ಯಜಮಾನರು ಗೂಟದ ಬುಡಕ್ಕೆ ಮಣ್ಣು ತುಳಿಯುತ್ತಾ ನಿಂತಿದ್ದರು.

"ಗೆದ್ದಲು ಹಿಡಿದಿತ್ತು ಅಕ್ಕ. ಹಾಗೆ ಸ್ವಲ್ಪ ಸರಿಸಿದೆ."

"ಒಳ್ಳೆಯದಾಯ್ತು" ಅಂದೆ.

ಅವರು ಆಚೆ ಈಚೆ ನೋಡಿ ಹತ್ತಿರ ಬಂದರು. "ಅಲ್ಲ ಅಕ್ಕ, ನಿಮ್ಮ ಮೆಷಿನ್ ಈಗಿನದ್ದು ಮಾತ್ರ ತೋರಿಸುವುದಾ, ಹಳೆಯದ್ದೂ ತೋರಿಸ್ತದಾ?"

ನಾನು ಸ್ವಲ್ಪ ಯೋಚಿಸಿದ ಹಾಗೆ ಮಾಡಿದೆ. "ಹಳೆಯದ್ದೆಲ್ಲ ಫ್ಲಾಪಿಯಲ್ಲಿ ಇರ್ತದೆ."

ಅವರು ಈಗಷ್ಟೇ ತುಳಿದ ಮಣ್ಣನ್ನು ಕಾಲಲ್ಲಿ ಕೆದಕಿದರು. ಮಾರನೆ ದಿನ ನೋಡುವಾಗ ನನ್ನ ಹಿತ್ತಿಲು ನನ್ನ ಅಜ್ಜಿಯ ಕಾಲದಲ್ಲಿಯೂ ಇಲ್ಲದಷ್ಟು ಅಗಲ ಆಗಿತ್ತು.

ಗೆರೆ

ಇನ್ನು ಹೇಳುವುದು ನನ್ನ ಮಾನ ಹೋದ ಕತೆ.

ತಂಗಿಯ ಮಗಳಿಗೆ ಬೆಂಗ್ರೆಯಿಂದ ಒಂದು ಸಂಬಂಧ ಬಂತು. ಹೊಳೆಯ ಆಚೆ, ಸಮುದ್ರದ ಬದಿ. ದೋಣಿಯವರು. ಹುಡುಗಿಯನ್ನು ಕದ್ರಿ ದೇವಸ್ಥಾನದಲ್ಲಿ ನೋಡಿ ಒಪ್ಪಿದರು. ಹುಡುಗನೂ ನಮ್ಮವಳಿಗೆ ಹಿಡಿಸಿದ. ಅದು ಅವಳು ಎರಡು ದಿನ ಸಾರಿಗೆ ಉಪ್ಪು ಹಾಕದ್ದರಿಂದ ನನಗೆ ಗೊತ್ತಾಯಿತು. ಇದೂ ತಪ್ಪಿದರೆ ಅವಳು ನನ್ನ ಮುಖ ನೋಡುವುದಿಲ್ಲ ಅಂತಲೂ ಗೊತ್ತಿತ್ತು.

ಮಾತು ನಡೆಸುವವರು ಹುಡುಗನ ಸೋದರಮಾವ. ನಮಗೆ ಎರಡು ದೋಣಿ ಉಂಟು ಅಂತ ಅವರು ಹೇಳಿ ಕಳಿಸಿದರು. ಎರಡು ದೋಣಿಯವರ ಎದುರು ನಾವು ಸಣ್ಣವರಾಗುವುದು ಹೇಗೆ? ನಮ್ಮ ಹಿತ್ತಿಲಿನಲ್ಲಿ ಸ್ವಂತ ಬಾವಿ ಉಂಟು, ಕಾರು ಅಂಗಳದವರೆಗೆ ಬರ್ತದೆ, ಮನೆಗೆ ಪೂರಾ ಹಂಚು ಅಂತ ನಾನು ಹೇಳಿ ಕಳಿಸಿದೆ. ಮನೆ ನೋಡಲು ಬರುವ ದಿನ ಬೇಲಿಯ ಮೇಲೆ ನಾಲ್ಕು ಸೀರೆ ಒಣಗಲು ಹಾಕಿದರೆ ಆಚೆಯ ಬಾವಿ ಯಾರದ್ದು ಅಂತ ಯಾರಿಗೆ ಗೊತ್ತಾಗ್ತದೆ ಅಂತ ನನ್ನ ಉಪಾಯ.

ಒಂದು ಮಧ್ಯಾಹ್ನ ಧಣಿಗಳು ಇಲ್ಲದ ಹೊತ್ತಿಗೆ ಆಫೀಸಿನ ಬಾಗಿಲಲ್ಲಿ ಸೋದರಮಾವ ನಿಂತಿದ್ದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ.

"ಅಕ್ಕ, ನಿಮ್ಮ ಮೆಷಿನಿನ ಸುದ್ದಿ ಬೆಂಗ್ರೆಯವರೆಗೆ ಬಂದಿದೆ. ಮನೆ ನೋಡಲು ಹೇಗೂ ಬರಬೇಕಲ್ಲ, ಮೊದಲು ಇಲ್ಲಿಯೇ ಒಮ್ಮೆ ನೋಡುವ ಅಂತ."

ನನಗೆ ಧೈರ್ಯ ಇತ್ತು. ಹೆಚ್ಚೆಂದರೆ ಒಂದು ಗೆರೆ ಬರ್ತದೆ. ಅಷ್ಟರಲ್ಲಿ ಕಂಪ್ಯೂಟರಿನ ಹುಡುಗಿ ಕುರ್ಚಿ ಎಳೆದು ಹೇಳಿದಳು, "ಒಳ್ಳೆ ಹೊತ್ತಿಗೆ ಬಂದಿರಿ. ಬೊಂಬಾಯಿಯಿಂದ ಹೊಸ ಫ್ಲಾಪಿ ಬಂದಿದೆ. ಮೊದಲಿನದಕ್ಕಿಂತ ಎಷ್ಟೋ ಹತ್ತಿರ ಬರ್ತದೆ."

ನನಗೆ ಅದು ಗೊತ್ತೇ ಇರಲಿಲ್ಲ.

ಅವಳು ಅಂಕೆ ಒತ್ತಿದಳು. ಗಾಜಿನ ಮೇಲಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹುಟ್ಟಿತು, ಪಕ್ಕದಲ್ಲಿ ಇನ್ನೊಂದು. ಚುಕ್ಕೆಗೆ ಚುಕ್ಕೆ ಸೇರಿ ಕೆಳಗೆ ಇಳಿಯಲು ಶುರುವಾಯಿತು. ಮೆಷಿನಿಗೆ ಎಲ್ಲಾ ಕಾಣ್ತದೆ ಅಂತ ಊರಿಗೆ ಹೇಳಿದವಳು ನಾನು. ಆದರೆ ಬಾವಿಕಟ್ಟೆಯಲ್ಲಿ ದಿನಾ ನನ್ನ ಮಾತು ನನಗೇ ತಿರುಗಿ ಬಂದು ಬಂದು, ಹೊಸ ಫ್ಲಾಪಿ ಅಂದ ಕೂಡಲೇ ನನಗೂ ನಂಬಿಕೆ ಬಂತು. ಈಗ ಮಾಡು ಕಾಣ್ತದೆ, ಈಗ ಬೇಲಿ ಕಾಣ್ತದೆ, ಬೇಲಿಯ ಆಚೆ ಬಾವಿ ಕಾಣ್ತದೆ.

"ಬಾವಿ ನಮ್ಮದಲ್ಲ" ಅಂದೆ.

ಸೋದರಮಾವ ತಿರುಗಲಿಲ್ಲ.

"ಅದು ನೆರೆಮನೆಯವರದ್ದು. ಕಾರು ಅಂಗಳಕ್ಕೆ ಬರುವುದಿಲ್ಲ, ಓಣಿಯಲ್ಲಿ ಸೈಕಲನ್ನೂ ಇಳಿದು ನೂಕಬೇಕು. ಹಂಚು ಎದುರಿಗೆ ಮಾತ್ರ, ಹಿಂದೆ ಮಡಲು. ಹುಡುಗಿ ಮಾತ್ರ ಹೇಳಿದ ಹಾಗೆಯೇ ಇದ್ದಾಳೆ. ನನ್ನ ಬಾಯಿ ನೋಡಿ ಅವಳನ್ನು ಬಿಡಬೇಡಿ."

ಸೋದರಮಾವ ಗಾಜಿನಿಂದ ಕಣ್ಣು ತೆಗೆಯದೆ ಕೂತಿದ್ದರು. ಆ ತಂಪಿನಲ್ಲಿಯೂ ಅವರ ಕುತ್ತಿಗೆ ಬೆವರುತ್ತಿತ್ತು. ಮೆಲ್ಲಗೆ ಹುಡುಗಿಯನ್ನು ಕೇಳಿದರು, "ಅದು ಬೆಂಗ್ರೆಗೆ ಮುಟ್ಟಿತಾ?"

"ಮುಟ್ತಾ ಉಂಟು."

"ಹಾಗಾದರೆ ನಾನೂ ಹೇಳಿಬಿಡ್ತೇನೆ ಅಕ್ಕ" ಅಂದರು. "ದೋಣಿ ಎರಡು ಅಂದದ್ದು ಸುಳ್ಳಲ್ಲ. ಒಂದು ನೀರಿನಲ್ಲಿ ಉಂಟು. ಇನ್ನೊಂದು ಮನೆಯ ಹಿಂದೆ ಮಗುಚಿ ಹಾಕಿದ್ದು. ಅದರ ಅಡಿಯಲ್ಲಿ ಕೋಳಿ ಮೊಟ್ಟೆ ಇಡ್ತದೆ. ನೀವು ದಿನಾ ಈ ಮೆಷಿನಿನ ಹತ್ತಿರ ಇರುವವರು, ಯಾವತ್ತೋ ನೋಡಿರ್ತೀರಿ, ನೋಡಿಯೂ ಮರ್ಯಾದೆಗೆ ಸುಮ್ಮನಿದ್ದೀರಿ ಅಂತ ನನಗೆ ನಿದ್ದೆ ಇಲ್ಲ. ಎಷ್ಟು ಕಾಣ್ತದೆ ಅಂತ ನೋಡಲಿಕ್ಕೇ ಬಂದದ್ದು."

ಅಷ್ಟರಲ್ಲಿ ಮೆಷಿನ್ ಕುಂಯ್ ಅಂದಿತು. ಬಿಡಿಸಿ ಮುಗಿದಿತ್ತು. ನಾವಿಬ್ಬರೂ ಬಗ್ಗಿ ನೋಡಿದೆವು. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಓರೆ ಗೆರೆ. ನಡುವೆ ಒಂದು ಸಣ್ಣ ಕೊಂಕು. ಬೊಂಬಾಯಿಯ ಫ್ಲಾಪಿಯ ಹೆಚ್ಚುಗಾರಿಕೆ ಅಂದರೆ ಆ ಕೊಂಕು.

"ನಮ್ಮ ಮನೆ ಎಲ್ಲಿ?" ಅಂತ ಸೋದರಮಾವ ಕೇಳಿದರು.

"ಬೆಂಗ್ರೆ ಅಂದರೆ ಈ ಗೆರೆ" ಅಂದಳು ಹುಡುಗಿ.

"ಇವರ ಮಣ್ಣಗುಡ್ಡ?"

"ಅದೂ ಈ ಗೆರೆಯಲ್ಲಿಯೇ ಬರ್ತದೆ. ಗೆರೆ ದಪ್ಪ ಉಂಟಲ್ಲ."

"ನಡುವೆ ಹೊಳೆ?"

"ಹೊಳೆ ಇದರಲ್ಲಿ ಇಲ್ಲ."

ಸೋದರಮಾವ ಕೊಡೆ ಊರಿ ಎದ್ದರು. ಮುಖ ಇನ್ನೂ ಕೆಂಪಾಗಿಯೇ ಇತ್ತು. "ಒಳ್ಳೆಯದಾಯ್ತು" ಅಂದರು. "ಹೊಳೆಯೇ ಇಲ್ಲದಿದ್ದರೆ ಎರಡನೇ ದೋಣಿ ಯಾಕೆ? ದಿಬ್ಬಣ ನಡೆದುಕೊಂಡೇ ಬರಲಿ."

ಮದುವೆ ನಿಶ್ಚಯ ಆದದ್ದು ಹಾಗೆ. ಬಾಗಿಲಿನ ಹತ್ತಿರ ಅವರು ಒಮ್ಮೆ ನಿಂತು, "ಕೋಳಿಯ ವಿಷಯ ನಿಮ್ಮಲ್ಲಿಯೇ ಇರಲಿ ಅಕ್ಕ" ಅಂದರು. "ನನ್ನ ಬಾವಿಯ ವಿಷಯವೂ ನಿಮ್ಮಲ್ಲಿಯೇ ಇರಲಿ" ಅಂದೆ ನಾನು. ಇಬ್ಬರೂ ಮುಖ ಮುಖ ನೋಡಲಿಲ್ಲ.

ಆದರೆ ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ ಅಲ್ಲವಲ್ಲ. ನಾನು ಲೋಟ ತೊಳೆದು, ಬೀಗ ಹಾಕಿ ಹೊರಡುವುದರೊಳಗೆ ಆ ಬಾಯಿ ಇಲ್ಲದ ಹುಡುಗಿಗೆ ಮಣ್ಣಗುಡ್ಡದ ಬಸ್ಸು ಸಿಕ್ಕಿತ್ತು.

ಮಾರನೆ ಬೆಳಿಗ್ಗೆ ಎದ್ದು ನೋಡ್ತೇನೆ, ಓಣಿಯ ಬಚ್ಚಲುಗಳ ಮಾಡು ಪೂರಾ ಕಿತ್ತಾಗಿದೆ, ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗ್ತಾ ಉಂಟು. ನನ್ನದೊಂದೇ ಬಚ್ಚಲಿಗೆ ಮಾಡು. ಬೇಲಿ ನೋಡಿದರೆ ಹಳೆಯ ಜಾಗಕ್ಕೆ ಬಂದದ್ದಲ್ಲ, ಅದಕ್ಕಿಂತಲೂ ಒಂದು ಗೇಣು ಈಚೆ, ನನ್ನ ಬಸಳೆಯ ಚಪ್ಪರಕ್ಕೆ ತಾಗಿ ನಿಂತಿತ್ತು. ನನಗೆ ಸಿಟ್ಟು ನೆತ್ತಿಗೆ ಏರಿತು. ಇವತ್ತು ಬಿಡುವುದೇ ಇಲ್ಲ ಅಂತ ಕೊಡ ಹಿಡಿದುಕೊಂಡು ಆಚೆ ಹೋದೆ. ಬಾವಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದರು. ಯಾರೂ ನನ್ನಲ್ಲಿ ಸುದ್ದಿ ಕೇಳಲಿಲ್ಲ. ಸೆರಗು ಬಾಯಿಗೆ ಹಿಡಿದಿದ್ದರು.

ಯಜಮಾನರು ಬಾವಿಕಟ್ಟೆಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು, ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ನನ್ನ ಕಡೆ ನೀಡಿದರು.

"ಸೇದಿ ಅಕ್ಕ, ಸೇದಿ. ನಾಚಿಕೆ ಎಂತದ್ದು? ಬೆಂಗ್ರೆಯವರೆಗೆ ಇದು ನಿಮ್ಮದೇ ಬಾವಿ ಅಲ್ವಾ."

ನಾನು ತಲೆ ತಗ್ಗಿಸಿ ಸೇದಿದೆ.